ಬೆಳ್ಳಿಯ ಬಿಲ್ಲೆ, ಕಂಚಿನ ಬಿಲ್ಲೆ

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧ ಗೆಲ್ಲುವವರು ರಾಜರು. ಸಾಯುವವರು ಮಾತ್ರ ಬೇರೆಯವರು. ಆ ಬೇರೆಯವರು ಯಾರ ಅಪ್ಪ, ಯಾರ ತಾತ ಅಂತ ಕೇಳಿದರೆ ಪುಸ್ತಕ ಬಾಯಿ ಬಿಡುವುದಿಲ್ಲ. ಅದನ್ನು ಮುಚ್ಚಿಟ್ಟು ಹೆಬ್ಬಾಳದಿಂದ ಜೆ.ಸಿ. ನಗರದವರೆಗೆ ಹೋಗಿ ಬನ್ನಿ. ಅಲ್ಲಿ ಎರಡು ಕಲ್ಲುಗಳಿವೆ.

ಹೆಬ್ಬಾಳದ ಕಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟರ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯನ ವೀರಗಲ್ಲು ಅದು. ಕಿತ್ತಯ್ಯ ಇಂದ್ರಲೋಕಕ್ಕೆ ಹೋದನಂತೆ. ಸರಿ, ಹಿಂದೆ ಉಳಿದ ಹೆಂಡತಿ ಮಕ್ಕಳು ಎಲ್ಲಿಗೆ ಹೋದರು?

ಆ ಕಾಲಕ್ಕೂ ಒಂದು ಲೆಕ್ಕವಿತ್ತು. ಸತ್ತವನ ಮನೆಯವರಿಗೆ ಭೂಮಿ ಬಿಡುವುದು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಬೇಗೂರಿನ ವೀರಗಲ್ಲು ನೋಡಿ: ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಸತ್ತ ಮೇಲೆ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ನಾಯಕನ ಕಡೆಗೆ ಹನ್ನೆರಡು ಊರು. ಆನೆ ಕುದುರೆಗಳ ಕಾಲಡಿ ಬಿದ್ದವರ ಮನೆಗೆ ಎಷ್ಟು? ರಕ್ತಕ್ಕೂ ಅಂತಸ್ತು ನೋಡಿಯೇ ಬೆಲೆ ಕಟ್ಟಿದ್ದರು.

ಎರಡನೆಯದು ಮೈಸೂರು ಲ್ಯಾನ್ಸರ್ಸ್ ಸ್ಮಾರಕ. ಮೈಸೂರು ಸಂಸ್ಥಾನದ ಈ ಕುದುರೆ ಪಡೆ 1914ರಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಹಿಡಿಯಿತು. ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಮೆಷಿನ್‌ಗನ್‌ಗಳ ಎದುರು ಭರ್ಜಿ, ಕತ್ತಿ! ಆ ದಿನ 8 ಜನ ಸತ್ತರು, 34 ಜನ ಗಾಯಗೊಂಡರು, 60 ಕುದುರೆಗಳು ಸತ್ತವು, 83 ಕುದುರೆಗಳಿಗೆ ಗಾಯವಾಯಿತು. ನೋಡಿ, ಕುದುರೆಗಳ ಲೆಕ್ಕವೂ ಇದೆ. ಆ ಕುದುರೆಗಳಿಗೆ ಹುಲ್ಲು ನೀರು ಕೊಟ್ಟವರ, ಲದ್ದಿ ಬಾಚಿದವರ ಲೆಕ್ಕ ಯಾವ ಪಾಠದಲ್ಲಿದೆ?

ಎಲ್ಲರಿಗೂ ಸವಾರರಾಗುವ ಬಾಗಿಲು ತೆರೆದಿರಲಿಲ್ಲ. ಹಳೆಯ ಸಿಲ್ಲೇದಾರ್ ಪದ್ಧತಿಯಲ್ಲಿ ಸವಾರನೇ ಕುದುರೆ ತರಬೇಕಿತ್ತು. ಗೇಣು ನೆಲವಿಲ್ಲದವನು ಕುದುರೆ ಎಲ್ಲಿಂದ ತಂದಾನು? ಬ್ರಿಟಿಷರೋ ಯುದ್ಧಕ್ಕೆ ಹುಟ್ಟಿದ ಜಾತಿ, ಹುಟ್ಟದ ಜಾತಿ ಅಂತ ಹೊಸ ಮನುಸ್ಮೃತಿ ಬರೆದರು. ಕೋರೆಗಾಂವ್‌ನಲ್ಲಿ 1818ರಲ್ಲಿ ಅವರಿಗಾಗಿಯೇ ಸತ್ತ ಮಹಾರರನ್ನು 1890ರ ದಶಕದಲ್ಲಿ ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿದರು.

ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು; ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದವರು. ಊರಿನ ಶಾಲೆ ಹೊರಗಿಟ್ಟವರ ಮನೆಗೆ ಅಕ್ಷರ ಬಂದದ್ದು ದಂಡಿನ ದಾರಿಯಿಂದ. ಆ ದಾರಿ ಮುಚ್ಚಿದರೆ ಏನು ಹೋಗುತ್ತದೆ? ಸಂಬಳ, ಪಿಂಚಣಿ, ಮಕ್ಕಳ ಓದು, ಎಲ್ಲಾ ಹೋಗುತ್ತದೆ. 1927ರ ಜನವರಿ 1ರಂದು ಅಂಬೇಡ್ಕರ್ ಕೋರೆಗಾಂವ್ ಕಂಬದ ಮುಂದೆ ನಿಂತರು. ಅಲ್ಲಿ ಮಹಾರರ ಹೆಸರುಗಳನ್ನು ಕೆತ್ತಿದ್ದರು. ಹೆಸರಿದ್ದುದರಿಂದಲೇ ಮೊಮ್ಮಕ್ಕಳು ಬಂದು ನಿಂತು, 'ನಮಗೆ ಬರಬೇಕಾದ್ದೆಲ್ಲಿ?' ಅಂತ ಕೇಳಲು ಸಾಧ್ಯವಾಯಿತು.

ಹೆಸರು ಕಲ್ಲಿಗೆ ಬರದವರದೇನು? ಅವರಿಗೂ ಒಂದು ಗುರುತಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಪದಕ ಹಂಚಿತು. ಬಂದೂಕು ಹಿಡಿದ ಸಿಪಾಯಿಗೆ ಬೆಳ್ಳಿಯದು. ಹೊರೆ ಹೊತ್ತವರು, ಅಡಿಗೆ ಮಾಡಿದವರು, ಗುಡಿಸಿದವರು ಇವರಿಗೆಲ್ಲ ಅದೇ ಅಚ್ಚಿನ ಕಂಚಿನದು. ಗುಂಡು ಇಬ್ಬರಿಗೂ ಒಂದೇ, ಕಾಲರಾ ಒಂದೇ; ಲೋಹ ಮಾತ್ರ ಬೇರೆ! ಆದರೆ ಆ ಕಂಚಿನ ಬಿಲ್ಲೆಯ ಅಂಚಿನಲ್ಲಿಯೂ ಒಂದು ಹೆಸರಿದೆ.

ಗೆಳೆಯರೆ, ಮೇಷ್ಟ್ರುಗಳೆ, ನಿಮ್ಮ ಶಾಲೆಯ ಮಕ್ಕಳಿಗೆ ಈ ಕೆಲಸ ಕೊಡಿ. ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಯಶವಂತಪುರದಲ್ಲಿ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳೇ ಕೇರಿಗಳಿಗೆ ಹೋಗಿ, 'ಅವ್ವಾ, ನಿಮ್ಮಲ್ಲಿ ದಂಡಿಗೆ ಹೋದವರು ಯಾರಾದ್ರೂ ಇದ್ರಾ?' ಅಂತ ಕೇಳಲಿ. ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಬಿಲ್ಲೆ, ಹರಿದ ಕಾಗದ ಸಿಕ್ಕೀತು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆದೀತು. ಮೊದಲು ಹೆಸರು ಓದಿ ಬರೆದುಕೊಳ್ಳಿ. ಹೋದವನ ಹೆಸರಿನ ಪಕ್ಕದಲ್ಲೇ, ಅವನು ಬರುವವರೆಗೆ ಕೂಲಿ ಮಾಡಿ ಮಕ್ಕಳನ್ನು ಸಾಕಿದವಳ ಹೆಸರನ್ನೂ ಬರೆಯಿರಿ. ಅವಳಿಗೆ ಕಂಚಿನದೂ ಸಿಗಲಿಲ್ಲ.