ಒದ್ದೆ ರಾಣಿಯ ಹಡಗು ಮತ್ತು ಒಂದು ಮೊಳೆ

ಯುದ್ಧ ಅಂದ ತಕ್ಷಣ ನಮ್ಮ ಟಿವಿ ಪರದೆ ಮೇಲೆ ಏನು ಬರುತ್ತೆ ಹೇಳಿ? ಬೆಂಕಿ, ಹೊಗೆ, ಯಾರ ಹತ್ರ ಎಷ್ಟು ಹಡಗು, ಎಷ್ಟು ವಿಮಾನ ಅನ್ನೋ ಲೆಕ್ಕ. ಆ ಲೆಕ್ಕವನ್ನು ನಾನೂ ಓದಿದ್ದೇನೆ, ದನಿ ಏರಿಸಿಯೇ ಓದಿದ್ದೇನೆ. ಆದರೆ ಹಡಗಿನೊಳಗಿದ್ದ ಹುಡುಗನ ಮನಸ್ಸಲ್ಲಿ ಏನಿತ್ತು ಅನ್ನೋದು ಆ ಲೆಕ್ಕದಲ್ಲಿ ಸಿಗಲ್ಲ. ಕೆಲವೊಮ್ಮೆ ಅದು ಹಡಗಿನ ಮೇಲೆ ಅವನು ಬರೆದ ಚಿತ್ರದಲ್ಲಿ ಸಿಗುತ್ತೆ.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಕೆನಡಾ ನೌಕಾಪಡೆಯಲ್ಲಿದ್ದ ಡಿಸ್ಟ್ರಾಯರ್‌ಗಳು ಬರೀ 6. ಬ್ರಿಟನ್ನಿಗೆ ಆಹಾರ, ಎಣ್ಣೆ, ಮದ್ದುಗುಂಡು ಎಲ್ಲವೂ ಅಟ್ಲಾಂಟಿಕ್ ದಾಟಿ ಬರಬೇಕು. ನೀರಿನಡಿ ಜರ್ಮನಿಯ ಸಬ್‌ಮರೀನ್‌ಗಳು ಹೊಂಚು ಹಾಕಿವೆ. ಆಗ ತರಾತುರಿಯಲ್ಲಿ ಕಟ್ಟಿದ್ದೇ ಕಾರ್ವೆಟ್‌ಗಳು. ತಿಮಿಂಗಿಲ ಬೇಟೆಯ ಹಡಗಿನ ಮಾದರಿ, ಸುಮಾರು 200 ಅಡಿ ಉದ್ದ. ಸಣ್ಣ ಅಲೆಗೂ ಹೊಯ್ದಾಡುವ ಹಡಗು. ಅದನ್ನು ಹತ್ತಿದವರಲ್ಲಿ ಎಷ್ಟೋ ಮಂದಿ ಗೋಧಿ ಬೆಳೆಯುವ ಬಯಲುಸೀಮೆಯ ಹುಡುಗರು. ಸಮುದ್ರವನ್ನೇ ನೋಡಿರಲಿಲ್ಲ!

ಈ ಹಡಗುಗಳಿಗೆ ಹೆಚ್ಚಾಗಿ ಕೆನಡಾದ ಊರುಗಳ ಹೆಸರಿಟ್ಟರು. ಆದರೆ ಹೇಳಿಕೊಳ್ಳೋಕೆ ಒಂದು ಅಧಿಕೃತ ಲಾಂಛನ ಇರಲಿಲ್ಲ. ಹುಡುಗರು ಸುಮ್ಮನಿದ್ದರಾ? ಮುಂಭಾಗದ ತೋಪಿಗೆ ಕಟ್ಟಿದ್ದ ಉಕ್ಕಿನ ಗುರಾಣಿಯನ್ನೇ ಹಲಗೆ ಮಾಡಿಕೊಂಡು, ಬ್ರಷ್ ಹಿಡಿದರು. ನಮ್ಮ ಲಾರಿ ಡ್ರೈವರ್‌ಗಳು ಗಾಡಿ ಹಿಂದೆ ಬರೆಸ್ತಾರಲ್ಲ, ಅದೇ ಮನಸ್ಸು.

ಆಲ್ಬರ್ಟಾದಲ್ಲಿ ವೆಟಾಸ್ಕಿವಿನ್ ಅಂತ ಒಂದು ಊರಿದೆ. ಅಲ್ಲಿನ ಕ್ರೀ ಮೂಲನಿವಾಸಿಗಳ ಭಾಷೆಯಲ್ಲಿ ಆ ಹೆಸರಿಗೆ ಶಾಂತಿ ಏರ್ಪಟ್ಟ ಜಾಗ ಎಂಬ ಅರ್ಥ. ಆ ಹೆಸರಿನ ಯುದ್ಧನೌಕೆಯ ಹುಡುಗರು ಅದನ್ನು ಒಡೆದು ಓದಿದರು: ವೆಟ್ ಆಸ್ ಕ್ವೀನ್! ಟಿವಿಯಲ್ಲಿ ಬಿಡಿಸಿ ಹೇಳೋಕೆ ಸ್ವಲ್ಪ ಮುಜುಗರ. ಕಿರೀಟ ತೊಟ್ಟ ರಾಣಿಯೊಬ್ಬಳು ನೀರಿನ ಗುಂಡಿಯಲ್ಲಿ ಕುಕ್ಕರಿಸಿ ಕೂತ ಚಿತ್ರ ಬರೆದರು. ನಗಬೇಡಿ. 1942ರ ಜುಲೈ 31ರಂದು ಸ್ಕೀನಾ ಎಂಬ ಹಡಗಿನ ಜೊತೆ ಸೇರಿ ಜರ್ಮನಿಯ ಯು-588 ಸಬ್‌ಮರೀನನ್ನು ಮುಳುಗಿಸಿದ್ದು ಇದೇ ಒದ್ದೆ ರಾಣಿ.

ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬಂದರಿನಲ್ಲಿ ಗೋದಾಮಿನ ಮಹಡಿಯೊಂದರಲ್ಲಿ 1942ರ ಜನವರಿಯಲ್ಲಿ ನೌಕಾ ಅಧಿಕಾರಿಗಳ ಕ್ಲಬ್ ಶುರುವಾಯಿತು. ಹೆಸರು ಕ್ರೋಸ್ ನೆಸ್ಟ್. ಅದರ ಗೋಡೆಗಳ ಮೇಲೆ ಒಂದೊಂದು ಹಡಗಿನವರೂ ತಮ್ಮ ಚಿತ್ರ ಹಾಕಿದರು. ಅವು ಇವತ್ತಿಗೂ ಅಲ್ಲಿವೆ.

ಚಿತ್ರಗಳ ಜೊತೆ ಒಂದು ಮೊಳೆಯೂ ಇದೆ. ಸ್ಪೈಕ್‌ನಾರ್ಡ್ ಎಂಬ ಕಾರ್ವೆಟ್‌ನ ಕ್ಯಾಪ್ಟನ್ ಹ್ಯೂಬರ್ಟ್ ಶಾಡ್‌ಫೋರ್ತ್, ಆ ಕ್ಲಬ್ಬಿನ ಮರದ ನೆಲಕ್ಕೆ ಪಂದ್ಯ ಕಟ್ಟಿ ಒಂದು ದೊಡ್ಡ ಮೊಳೆ ಹೊಡೆದರು. ಇಂಗ್ಲಿಷಿನಲ್ಲಿ ಸ್ಪೈಕ್ ಅಂದರೂ ಮೊಳೆಯೇ ತಾನೇ! ಕೆಲವೇ ದಿನ. ಫೆಬ್ರವರಿಯ ಒಂದು ರಾತ್ರಿ ಸ್ಪೈಕ್‌ನಾರ್ಡ್‌ಗೆ ಟಾರ್ಪಿಡೊ ಬಡಿಯಿತು. ಬದುಕಿ ಬಂದವರು 8 ಮಂದಿ. ಅವರಲ್ಲಿ ಕ್ಯಾಪ್ಟನ್ ಇರಲಿಲ್ಲ. ಗೆಳೆಯರು ಆ ಮೊಳೆಯನ್ನು ಎಸೆಯಲಿಲ್ಲ, ಅದನ್ನೇ ಸ್ಮಾರಕ ಮಾಡಿದರು.

ಸಾವು ಎದುರಿಗಿದ್ದಾಗ ಈ ತಮಾಷೆ ಬೇಕಿತ್ತಾ ಅಂತ ಕೇಳಬಹುದು. ಎದುರಿಗಿತ್ತಲ್ಲ, ಅದಕ್ಕೇ ಬೇಕಿತ್ತು. ಸರ್ಕಾರ ಹಡಗಿಗೆ ಹೆಸರು ಕೊಟ್ಟಿತು. ಅದನ್ನು ನಮ್ಮದು ಅಂತ ಮಾಡಿಕೊಂಡವರು ಬ್ರಷ್ ಹಿಡಿದ ಈ ಹುಡುಗರು. ಮುಂದಿನ ಸಲ ನಾನು ಯುದ್ಧದ ಲೆಕ್ಕ ಓದುವಾಗ ಆ ಮೊಳೆ ನನ್ನ ನೆನಪಲ್ಲಿರಲಿ. ನಿಮ್ಮ ನೆನಪಲ್ಲೂ.