ಮೊದಲು ನೀರು, ಬಳಿಕ ಧೂಪ: ಮುಸ್ಲಿಮ್ ಮನೆಯ ಸುಗಂಧದ ಚರಿತ್ರೆ

ಒಮ್ಮೆ ಪ್ರವಾದಿವರ್ಯರು(ಸ) ಮದೀನಾದ ಬನೂ ಸಲಿಮಾ ಗೋತ್ರದವರ ಮಸೀದಿಗೆ ಆಗಮಿಸಿದರು. ಅವರ ಕೈಯಲ್ಲಿ ಖರ್ಜೂರದ ಗೊನೆಯ ಒಣ ಕಡ್ಡಿಯೊಂದಿತ್ತು. ಕಿಬ್ಲಾದ ಗೋಡೆಗೆ ಯಾರೋ ಉಗಿದ ಕಫ ಅಂಟಿಕೊಂಡಿರುವುದು ಕಣ್ಣಿಗೆ ಬಿದ್ದಾಗ, ಇನ್ನೊಬ್ಬರಿಗೆ ಹೇಳದೆ ತಾವೇ ಆ ಕಡ್ಡಿಯಿಂದ ಅದನ್ನು ಕೆರೆದು ತೆಗೆದರು. ಆಮೇಲೆ ಸುಗಂಧ ತರಲು ಹೇಳಿದರು. ಗೋತ್ರದ ಯುವಕನೊಬ್ಬ ಎದ್ದು ಮನೆಗೆ ಓಡಿ, ಅಂಗೈಯಲ್ಲಿ ಖಲೂಕ್ ತಂದ. ಖಲೂಕ್ ಎಂದರೆ ಕೇಸರಿ ಬೆರೆಸಿದ ಸುಗಂಧ ಲೇಪ. ಪ್ರವಾದಿವರ್ಯರು(ಸ) ಅದನ್ನು ಕಡ್ಡಿಯ ತುದಿಗೆ ತೆಗೆದುಕೊಂಡು ಕಫವಿದ್ದ ಜಾಗಕ್ಕೆ ಹಚ್ಚಿದರು. ಹಝ್ರತ್ ಜಾಬಿರ್(ರ) ಅವರು ಕಂಡ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ.

ಮಸೀದಿಯ ಶಿಷ್ಟಾಚಾರವನ್ನು ಕಲಿಸುವಾಗ ನಾವು ಈ ಹದೀಸನ್ನು ಓದಿಸುತ್ತೇವೆ. ಆದರೆ ಇದರಲ್ಲಿ ಮನೆಯ ಚರಿತ್ರೆಯೂ ಇದೆ. ಆ ಯುವಕ ಓಡಿದ್ದು ಪೇಟೆಗಲ್ಲ, ತನ್ನ ಮನೆಯವರ ಬಳಿಗೆ. ಅಂದರೆ ಅಂದಿನ ಮದೀನಾದ ಸಾಮಾನ್ಯ ಮನೆಯೊಂದರಲ್ಲಿ ಸುಗಂಧ ಕೈಗೆಟಕುವ ವಸ್ತುವಾಗಿತ್ತು. ಎರಡನೆಯದು ಕ್ರಮ. ಕೆರೆಯುವುದು ಮೊದಲು, ಲೇಪಿಸುವುದು ಅನಂತರ. ಕೊಳೆಯ ಮೇಲೆಯೇ ಖಲೂಕ್ ಬಳಿಯಲಿಲ್ಲ.

ಈ ಕ್ರಮ ಬೇರೆಡೆಯೂ ಕಾಣಸಿಗುತ್ತದೆ. ಪ್ರವಾದಿಪುತ್ರಿಯ ಮಯ್ಯಿತ್ ಸ್ನಾನದ ಕುರಿತು ಹಝ್ರತ್ ಉಮ್ಮು ಅತಿಯ್ಯಾ(ರ) ಅವರಿಗೆ ದೊರೆತ ನಿರ್ದೇಶನದಲ್ಲಿ ಸಿದ್ರ್ ಎಲೆ ಬೆರೆಸಿದ ನೀರಿನಿಂದ ತೊಳೆಯುವುದು ಮೊದಲು, ಕರ್ಪೂರ ಕಡೆಯ ಸಲಕ್ಕೆ. ಜುಮಾ ದಿನವೂ ಹಾಗೆಯೇ, ಮೊದಲು ಸ್ನಾನ, ಆಮೇಲೆ ಅತ್ತರ್. ಮಸೀದಿಗಳನ್ನು ಕಟ್ಟಿ, ಶುಚಿಗೊಳಿಸಿ, ಸುವಾಸನೆಗೊಳಿಸಬೇಕೆಂಬ ಆಜ್ಞೆಯನ್ನು ವರದಿ ಮಾಡಿದ ಹಝ್ರತ್ ಆಯಿಶಾ(ರ) ಅವರ ಮಾತಿನಲ್ಲೂ ಪದಗಳ ಅನುಕ್ರಮ ಇದೇ.

ಧೂಪ ಹಾಕುವವರಿಗೆ ಇತಿಹಾಸದಲ್ಲಿ ಹೆಸರು ಉಳಿಯಿತು. ಪ್ರವಾದಿ ಮಸೀದಿಯಲ್ಲಿ ಧೂಪ ಹಾಕುತ್ತಿದ್ದ ನುಐಮ್ ಎಂಬವರು ಹದೀಸ್ ಗ್ರಂಥಗಳಲ್ಲಿ ಇಂದಿಗೂ ‘ಅಲ್-ಮುಜ್ಮಿರ್’, ಅಂದರೆ ಧೂಪ ಹಾಕುವವರು, ಎಂದೇ ಪ್ರಸಿದ್ಧರು. ಗುಡಿಸುವವರ ಹೆಸರು ಅಷ್ಟು ಸುಲಭವಾಗಿ ಉಳಿಯುವುದಿಲ್ಲ. ಅದೇ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆ ತೀರಿಕೊಂಡಾಗ ಜನರು ಅದನ್ನು ದೊಡ್ಡ ಸಂಗತಿಯೆಂದು ಭಾವಿಸದೆ ಪ್ರವಾದಿವರ್ಯರಿಗೆ(ಸ) ತಿಳಿಸಲೂ ಇಲ್ಲ. ಅವರೇ ವಿಚಾರಿಸಿ, ಸಮಾಧಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಬುಖಾರಿಯಲ್ಲಿರುವ ಈ ವರದಿಯನ್ನು ಪಾಠ ಮಾಡುವಾಗಲೆಲ್ಲ ನನ್ನ ಧ್ವನಿ ತುಸು ಕುಗ್ಗುತ್ತದೆ.

ಮನೆಯೊಳಗಿನ ಧೂಪಕ್ಕೂ ಸ್ಪಷ್ಟ ಆಧಾರವಿದೆ. ಹಝ್ರತ್ ಇಬ್ನ್ ಉಮರ್(ರ) ಅವರು ಊದನ್ನು ಕೆಲವೊಮ್ಮೆ ಶುದ್ಧವಾಗಿಯೇ, ಕೆಲವೊಮ್ಮೆ ಅದರ ಮೇಲೆ ಕರ್ಪೂರ ಹಾಕಿ ಧೂಪವಿಡುತ್ತಿದ್ದರು. ಪ್ರವಾದಿವರ್ಯರ(ಸ) ರೂಢಿಯೂ ಇದೇ ಎನ್ನುತ್ತಿದ್ದರು. ಈ ಊದ್ ಅರೇಬಿಯಾದಲ್ಲಿ ಬೆಳೆಯುವುದಿಲ್ಲ. ಅಸ್ಸಾಮಿನಿಂದ ಆಗ್ನೇಯ ಏಷ್ಯಾದವರೆಗಿನ ಕಾಡುಗಳಲ್ಲಿ, ಶಿಲೀಂಧ್ರ ತಗುಲಿದ ಅಗರು ಮರವು ತನ್ನ ಗಾಯದ ಸುತ್ತ ಸ್ರವಿಸುವ ರಾಳದಿಂದ ಅದು ಉಂಟಾಗುತ್ತದೆ. ಕರ್ಪೂರವೂ ಪೂರ್ವ ದ್ವೀಪಗಳಿಂದಲೇ ಹಡಗೇರಿ ಬರುತ್ತಿತ್ತು. ಹೀಗೆ ದೂರದಿಂದ ಬಂದ ವಸ್ತು ದುಬಾರಿಯಾಗದೆ ಇರದು. 9ನೇ ಶತಮಾನದ ತತ್ವಜ್ಞಾನಿ ಅಲ್-ಕಿಂದಿಯ ಹೆಸರಿನಲ್ಲಿರುವ ಸುಗಂಧ ಗ್ರಂಥದ ನೂರಕ್ಕೂ ಮಿಕ್ಕಿದ ತಯಾರಿ ವಿಧಾನಗಳಲ್ಲಿ ಬೆಲೆಬಾಳುವ ದ್ರವ್ಯಗಳಿಗೆ ಬದಲಿ ತಯಾರಿಸುವ ಬಗೆಯೂ ಸೇರಿದೆ. ನಕಲಿ ಅತ್ತರ್ ನಮ್ಮ ಕಾಲದ ಆವಿಷ್ಕಾರವಲ್ಲ!

ಅರಮನೆಗಳ ಕಥೆ ಬೇರೆ. ಅಕ್ಬರನ ದರ್ಬಾರಿನಲ್ಲಿ ಚಿನ್ನ ಬೆಳ್ಳಿಯ ಧೂಪದಾನಿಗಳು ಆರುತ್ತಿರಲಿಲ್ಲವೆಂದು ಅಬುಲ್ ಫಝಲ್ ಬರೆಯುತ್ತಾನೆ. ನನಗೆ ಅದಕ್ಕಿಂತ ಪ್ರಿಯವಾದುದು ಇಬ್ನ್ ಬತೂತಾ ಕಂಡ ಮನೆಗಳು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿದ್ದ ಆತ 14ನೇ ಶತಮಾನದ ನಡುಭಾಗದಲ್ಲಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗಿ ಅಲ್ಲಿ ಖಾಝಿಯಾಗಿದ್ದ. ಅಲ್ಲಿಯ ಬೀದಿಗಳು ಗುಡಿಸಿ ಸ್ವಚ್ಛವಾಗಿದ್ದವು, ಮರಗಳ ನೆರಳಿತ್ತು. ಆದರೂ ಮನೆಯ ಪ್ರವೇಶದಲ್ಲಿ ನೀರಿನ ಪಾತ್ರೆ ಇಟ್ಟಿರುತ್ತಿದ್ದರು. ಒಳಬರುವವನು ಕಾಲು ತೊಳೆದು, ನಾರಿನ ಒರಟು ಹಾಸಿಗೆ ಒರೆಸಿಕೊಂಡೇ ಬರಬೇಕು. ಸೆಖೆಯ ನಾಡಾದ್ದರಿಂದ ಹೆಚ್ಚಿನವರು ದಿನಕ್ಕೆರಡು ಬಾರಿ ಮೀಯುತ್ತಿದ್ದರು, ಗಂಧದ ಎಣ್ಣೆ ಹಚ್ಚುತ್ತಿದ್ದರು. ಫಜ್ರ್ ನಮಾಝಿನ ಬಳಿಕ ಮನೆಯ ಹೆಣ್ಣು ಪತಿಗೋ ಮಗನಿಗೋ ಸುರುಮಾ, ಪನ್ನೀರು ತಂದುಕೊಡುವಳು. ಕರಾವಳಿಯವರಾದ ನಮಗೆ ಬಾಗಿಲ ಬದಿಯ ಆ ನೀರಿನ ಪಾತ್ರೆ ಅಪರಿಚಿತವಲ್ಲ. ಸಿಮೆಂಟಿನ ಮನೆಗಳು ಬಂದ ಮೇಲೆ ಅದು ಎಲ್ಲಿ ಹೋಯಿತೋ!

ಮೊಗಲರ ಕಾಲದ ಇನ್ನೊಂದು ಸಂಗತಿ. ಗುಲಾಬಿ ಅತ್ತರನ್ನು ಕಂಡುಹಿಡಿದ ಕೀರ್ತಿಯನ್ನು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಅತ್ತೆಗೆ, ಅಂದರೆ ನೂರ್‌ಜಹಾನಳ ತಾಯಿಗೆ ಸಲ್ಲಿಸಿದ್ದಾನೆ. ಬಿಸಿ ಪನ್ನೀರು ಸುರಿದ ಪಾತ್ರೆಗಳಲ್ಲಿ ತೇಲಿದ ಜಿಡ್ಡನ್ನು ಆಕೆ ಚೆಲ್ಲದೆ, ಚೂರುಚೂರೇ ಕೂಡಿಸಿಟ್ಟಳಂತೆ. ಮನೆವಾರ್ತೆ ಬಲ್ಲ ಹೆಣ್ಣಿನ ಕಣ್ಣು ಅದು.

ಶ್ರೀಗಂಧದ ನಾಡೆನಿಸಿದ ನಮ್ಮಲ್ಲಿ 1792ರಲ್ಲಿ ಟಿಪ್ಪು ಸುಲ್ತಾನರು ಆ ಮರವನ್ನು ರಾಜವೃಕ್ಷವೆಂದು ಘೋಷಿಸಿದರು. ನನ್ನ ಬಾಲ್ಯದ ಮನೆಗೆ ಗಂಧದ ಚಕ್ಕೆ ಬಂದ ನೆನಪಿಲ್ಲ, ಊದಂತೂ ಇಲ್ಲವೇ ಇಲ್ಲ. ಗುರುವಾರ ಅಸ್ತಮಾನದ ಬಳಿಕ ಉಮ್ಮ ಕೆಂಡದ ಮೇಲೆ ಲೋಬಾನ ಉದುರಿಸಿ ಕೋಣೆಕೋಣೆಗೆ ಹಿಡಿಯುತ್ತಿದ್ದರು. ಈ ಕ್ರಮ ಮೂರು ವರ್ಷಗಳ ಹಿಂದಿನವರೆಗೂ ನಡೆದಿತ್ತು. ಆಗ ನನ್ನ ಕಿರಿಯ ಮಗಳಿಗೆ ಉಬ್ಬಸ ಕಾಣಿಸಿಕೊಂಡಿತು. ಮನೆಯೊಳಗೆ ಹೊಗೆ ಕೂಡದೆಂದು ವೈದ್ಯರು ಹೇಳಿದರು. ಉಮ್ಮ ನೊಂದುಕೊಂಡರು. ಸುನ್ನತ್ತನ್ನು ಬಿಡಿಸುವುದೇ, ಅದೂ ಮದ್ರಸದಲ್ಲಿ ಕಲಿಸುವ ಮಗ, ಎಂದು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಬದಲಿಗೆ ತಂದ ಸ್ಪ್ರೇ ಡಬ್ಬಿಯನ್ನು ಅವರು ಮುಟ್ಟಲಿಲ್ಲ. ಮಗಳು ಅದಕ್ಕೂ ಕೆಮ್ಮಿದಳು, ಡಬ್ಬಿ ಮೂಲೆ ಸೇರಿತು.

ಮೂರನೆಯ ದಿನ ಅವರ ಬಳಿ ಕುಳಿತು ಬನೂ ಸಲಿಮಾದವರ ಮಸೀದಿಯ ಹದೀಸನ್ನು ಹೇಳಿದೆ. ಉಮ್ಮ ಪೂರ್ತಿ ಕೇಳಿ, “ಕೆರೆದದ್ದು ಅವರೇ ಏನು, ತಮ್ಮ ಕೈಯಿಂದಲೇ?” ಎಂದರು. ಹೌದೆಂದೆ. ಮತ್ತೇನೂ ಹೇಳದೆ ಎದ್ದು ಹೋದರು.

ಈಗ ಗುರುವಾರ ಬೆಳಗ್ಗೆಯೇ ನಮ್ಮ ಮನೆಯ ಚಾಪೆ, ದಿಂಬು, ಕಂಬಳಿಗಳು ಬಿಸಿಲಿಗೆ ಬೀಳುತ್ತವೆ. ಕಿಟಕಿಗಳೆಲ್ಲ ತೆರೆಯುತ್ತವೆ. ನೆಲ ಒರೆಸುವ ಸರದಿ ನನ್ನದು. ಸಂಜೆ ಉಮ್ಮ ನಾಲ್ಕು ಮಲ್ಲಿಗೆಯನ್ನು ನೀರಿನ ಬಟ್ಟಲಿಗೆ ಹಾಕಿ ನಮಾಝಿನ ಕೋಣೆಯಲ್ಲಿಡುತ್ತಾರೆ. ಲೋಬಾನದ ಬಟ್ಟಲು ತೊಳೆದು ಅಟ್ಟದ ಮೇಲಿದೆ.