ಗಂಧದ ಸೋಪು, ಪಿತ್ತಗಂಧೆ

ಊರು ಬಿಟ್ಟು ಬಂದ ನಮ್ಮಲ್ಲಿ ಹಲವರಿಗೆ ಗಂಧದ ಸೋಪಿನ ಪರಿಮಳವೆಂದರೆ ಊರಿನ ಬಚ್ಚಲುಮನೆಯ ನೆನಪು. ಆ ಸೋಪು ಹುಟ್ಟಿದ್ದರ ಹಿಂದೆ ಒಂದು ಯುದ್ಧವಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅದರಿಂದ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆಯೂ ಬಂತು. ಸೀಗೆಪುಡಿ, ಕಡಲೆಹಿಟ್ಟು ಇದ್ದ ಬಚ್ಚಲಿಗೆ ಸೋಪು ಕಾಲಿಟ್ಟದ್ದೇ ಪರಿಮಳದೊಂದಿಗೆ.

ಪಿತ್ತಗಂಧೆ ಎದ್ದ ಮೈಗೆ ಆ ಪರಿಮಳ ಕೆಲವೊಮ್ಮೆ ಒಗ್ಗುವುದಿಲ್ಲ. ಹೆಸರಿನಲ್ಲಿ ಪಿತ್ತವಿದ್ದರೂ ಆ ದದ್ದುಗಳಿಗೆ ಕಾರಣ ಪಿತ್ತರಸವಲ್ಲ, ಚರ್ಮದೊಳಗಿನ ಕೋಶಗಳು ಬಿಡುಗಡೆ ಮಾಡುವ ಹಿಸ್ಟಮಿನ್. ಚರ್ಮವನ್ನು ಗೀರಿದರೆ ಗೆರೆ ಕೆಂಪಾಗಿ, ಸುತ್ತಲೂ ಕೆಂಪು ಹರಡಿ, ಬಳಿಕ ಊದಿಕೊಳ್ಳುವುದನ್ನು ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1927ರ ಪುಸ್ತಕದಲ್ಲಿ ವಿವರಿಸಿದರು. ಹಿಸ್ಟಮಿನ್‌ನಂಥ ವಸ್ತುವೊಂದು ಚರ್ಮದಿಂದಲೇ ಹೊರಬರುತ್ತದೆ ಎಂಬುದು ಅವರ ವಾದ. ನಾರು ಹಾಕಿ ಗಸಗಸ ಉಜ್ಜಿದರೆ ಕೆಲವರಿಗೆ ಗಂಧೆ ಏಳುವುದು ಇದರಿಂದಲೇ.

ಮರುವರ್ಷ, 1928ರಲ್ಲಿ, ಜರ್ಮನಿಯ ಹೈನ್ರಿಶ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೋನಿನಿ ಚರ್ಮದ ಮೇಲಿರುವ ತೆಳು ಆಮ್ಲದ ಹೊದಿಕೆಯ ಬಗ್ಗೆ ಬರೆದರು. ಚರ್ಮದ ಪಿಎಚ್ ಸುಮಾರು 5. ಎಣ್ಣೆಗೆ ಕ್ಷಾರ ಬೆರೆಸಿ ಮಾಡಿದ ಸೋಪಿನದು 9ರಿಂದ 10. ಸೋಪು ಚರ್ಮವನ್ನು ಒಣಗಿಸಿ ತುರಿಕೆ ಹೆಚ್ಚಿಸುವುದಕ್ಕೆ ಈ ಅಂತರವೂ ಒಂದು ಕಾರಣ. ಕ್ಷಾರ ಕಡಿಮೆಯಿರುವ 'ಸಿಂಡೆಟ್' ಬಿಲ್ಲೆಗಳು ಆಮೇಲೆ ಬಂದವು.

ಹಾಗಾಗಿ ಗಂಧೆ ಇರುವಾಗ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಿಂಡೆಟ್ ಮತ್ತು ಬರಿಗೈ ಸಾಕು. ಹಂಡೆಯ ಸುಡುನೀರು ಬೇಡ. ಡಬ್ಬಿಯ ಮೇಲೆ 'ಫ್ರೇಗ್ರೆನ್ಸ್ ಫ್ರೀ' ಎಂದಿದೆಯೇ ನೋಡಿ. 'ಅನ್‌ಸೆಂಟೆಡ್' ಎಂದಿದ್ದರೆ ವಾಸನೆ ಮುಚ್ಚಲು ಇನ್ನೊಂದು ಸುಗಂಧ ಸೇರಿಸಿರಬಹುದು. 'ನೈಸರ್ಗಿಕ' ಎಂಬ ಮಾತೂ ಭರವಸೆಯಲ್ಲ. ಗಂಧದೆಣ್ಣೆಯೂ ನೈಸರ್ಗಿಕವೇ, ಆದರೂ ಕೆಲವರ ಮೈಗೆ ಅದು ಆಗದು.

ಆದರೆ ಸೋಪು ಬದಲಿಸಿದ ಮಾತ್ರಕ್ಕೆ ಗಂಧೆ ವಾಸಿಯಾಗುವುದಿಲ್ಲ. ಕೆರಳುವುದು ಕಡಿಮೆಯಾಗಬಹುದು, ಅಷ್ಟೆ. ಆರು ವಾರ ದಾಟಿದರೂ ಹೋಗದಿದ್ದರೆ ಅಂಗಡಿಯಲ್ಲಿ ಇನ್ನೊಂದು ಸೋಪು ಹುಡುಕುತ್ತ ಕೂರದೆ ಚರ್ಮವೈದ್ಯರನ್ನು ಕಾಣಬೇಕು. ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಊರಿಂದ ಬಂದ ಗಂಧದ ಸೋಪನ್ನು ಎಸೆಯಬೇಕಿಲ್ಲ, ಸದ್ಯಕ್ಕೆ ಮನೆಯ ಉಳಿದವರು ಬಳಸಲಿ.